ಫೀಡರ್ ವೇಗ ತಪ್ಪಿದೆಯೇ? ಮೋಟಾರ್ ಬಿಚ್ಚುವ ಮೊದಲು ಚಕ್ರಕ್ಕೆ ಸೀಮೆಸುಣ್ಣದ ಗೆರೆ ಹಾಕಿ

ಕಳೆದ ಮಳೆಗಾಲದಲ್ಲಿ ಬಾಗಿಲ ಚೌಕಟ್ಟು ಮಾಡುವ ಒಂದು ಮಿಲ್ಲಿನಿಂದ ಫೋನ್ ಬಂತು. "ಅಣ್ಣ, ಮೌಲ್ಡಿಂಗ್ ಮಷಿನ್ನಿನ ಫೀಡರ್ ತೀರಾ ನಿಧಾನ ಆಗಿದೆ. ಮೋಟಾರ್ ಹೋಗಿರಬೇಕು. ಹೊಸದು ತರಿಸಿಬಿಡಲಾ?"

ಫೀಡರ್ ಅಂದರೆ ರಬ್ಬರ್ ಚಕ್ರಗಳಿಂದ ಮರವನ್ನು ಮೇಲಿನಿಂದ ಒತ್ತಿ ಕಟರಿನ ಕಡೆಗೆ ತಾನೇ ತಳ್ಳುವ ಸಲಕರಣೆ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬದಲಾಗಿತ್ತು. ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ವಾಪಸ್ ಬಂದಿತ್ತು. ಎರಡು ದಿನದ ಕೆಲಸ ನಿಂತಿತ್ತು. ನಾನು ಚಕ್ರದ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಒಂದು ಮತ್ತಿ ಮರದ ತುಂಡು ಬಿಟ್ಟು ನೋಡಿದೆ. ಚಕ್ರ ಸರಿಯಾದ ವೇಗದಲ್ಲೇ ತಿರುಗುತ್ತಿತ್ತು. ಮರ ಮಾತ್ರ ಅದರ ಜೊತೆ ಹೋಗುತ್ತಿರಲಿಲ್ಲ. ಮಳೆಯ ತೇವಕ್ಕೆ ಟೇಬಲ್ ಮೇಲೆ ತೆಳುವಾಗಿ ತುಕ್ಕು ಹಿಡಿದಿತ್ತು. ಚಕ್ರದ ರಬ್ಬರ್ ಮೇಲೆ ಮರದ ಅಂಟು ಕೂತು ಗಾಜಿನ ಹಾಗೆ ನುಣುಪಾಗಿತ್ತು. ಕೆಳಗೆ ಎಳೆತ, ಮೇಲೆ ಜಾರಿಕೆ. ಮೋಟಾರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಫೀಡರಿನಲ್ಲಿ ಎರಡು ವೇಗ ಇರುತ್ತದೆ. ಒಂದು ಚಕ್ರದ ವೇಗ, ಇನ್ನೊಂದು ಮರದ ವೇಗ. ನಮಗೆ ಕಾಣುವುದು ಮರದ ವೇಗ, ಆದರೆ ನಾವು ಕೈ ಹಾಕುವುದು ಚಕ್ರದ ವೇಗಕ್ಕೆ. ಗೇರು, ಮೋಟಾರು, ಡ್ರೈವು ಎಲ್ಲ ಬರೀ ಚಕ್ರವನ್ನು ತಿರುಗಿಸುತ್ತವೆ. ಇವೆರಡನ್ನು ಬೇರೆ ಮಾಡಿ ನೋಡದೆ ಸ್ಪ್ಯಾನರ್ ಹಿಡಿಯಬೇಡಿ. ನಾನು ನೋಡಿದ "ವೇಗದ ದೋಷ"ಗಳಲ್ಲಿ ಹೆಚ್ಚಿನವು ಹಿಡಿತದ ದೋಷಗಳೇ.

ವೇಗ ಎಲ್ಲಿಂದ ಬರುತ್ತದೆ

ಫೀಡರಿನ ವೇಗವನ್ನು ಮೂರ್ನಾಲ್ಕು ರೀತಿಯಲ್ಲಿ ಬದಲಿಸುತ್ತಾರೆ. ಹಳೆಯ ಮತ್ತು ಗಟ್ಟಿ ಪದ್ಧತಿ ಅಂದರೆ ಬದಲಿಸುವ ಗೇರುಗಳು. ಪಕ್ಕದ ಮುಚ್ಚಳ ತೆಗೆದರೆ ಒಂದು ಜೋಡಿ ಗೇರು ಕಾಣುತ್ತದೆ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೆ ವೇಗ ಬೇರೆ. ಎರಡನೇ ಜೋಡಿ ಇದ್ದರೆ ಇನ್ನೆರಡು ವೇಗ. ಇದರ ಜೊತೆಗೆ ಮೋಟಾರೇ ಎರಡು ವೇಗದ್ದಾಗಿದ್ದರೆ ಒಟ್ಟು ಸಂಖ್ಯೆ ದುಪ್ಪಟ್ಟು. ಸಾಮಾನ್ಯವಾಗಿ ಕಾಣುವ 8 ವೇಗದ ಫೀಡರುಗಳು ನಿಮಿಷಕ್ಕೆ 2 ಮೀಟರಿನಿಂದ 33 ಮೀಟರಿನವರೆಗೆ ಓಡುವುದು ಹೀಗೆ. ಕೆಲವು ಫೀಡರುಗಳಲ್ಲಿ ಬೆಲ್ಟ್ ಮೇಲೆ ಕೆಳಗೆ ಸರಿಯುವ ಪುಲ್ಲಿ ಇರುತ್ತದೆ. ಈಗೀಗ ಡ್ರೈವ್ ಹಾಕಿ ಗುಂಡಿ ತಿರುಗಿಸಿ ವೇಗ ಬದಲಿಸುವುದು ಜಾಸ್ತಿಯಾಗಿದೆ. ನಾವು ಡ್ರೈವ್ ಅನ್ನುವುದು ವಿ.ಎಫ್.ಡಿ.ಗೆ, ಅಂದರೆ ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆಗೆ.

ಮುಚ್ಚಳದ ಮೇಲಿನ ಪ್ಲೇಟನ್ನು ಪೂರ್ತಿ ಓದಿ. ಹೊರದೇಶದಿಂದ ಬಂದ ಹಳೆಯ ಫೀಡರುಗಳಲ್ಲಿ ವೇಗವನ್ನು 60 ಹರ್ಟ್ಸ್ ಲೆಕ್ಕದಲ್ಲಿ ಬರೆದಿರುವುದುಂಟು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಪ್ಲೇಟಿನಲ್ಲಿ 12 ಮೀಟರ್ ಅಂತ ಇದ್ದರೆ ಇಲ್ಲಿ ಸಿಗುವುದು 10 ಮೀಟರ್. ಅದು ದೋಷವೇ ಅಲ್ಲ. ಕೆಲವು ಪ್ಲೇಟುಗಳಲ್ಲಿ ಅಂಕಿ ಅಡಿಯಲ್ಲಿರುತ್ತದೆ. ಅದನ್ನು 3.28ರಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ.

ಮೊದಲು ಅಳೆಯಿರಿ

"ನಿಧಾನ ಆಗಿದೆ" ಅನ್ನುವುದು ಅಳತೆ ಅಲ್ಲ. ಸೆಕೆಂಡುಗಳಲ್ಲಿ ಹೇಳಿ.

ಮೊದಲ ಪರೀಕ್ಷೆ ಕಟರ್ ಇಲ್ಲದೆ. ಮೇನ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದ ಹಾಗೆ ಬೀಗ ಹಾಕಿ, ಕಟರ್ ಅಥವಾ ಬ್ಲೇಡ್ ಬಿಚ್ಚಿ ಇಡಿ. ಇದರಲ್ಲಿ ರಾಜಿ ಬೇಡ. ಫೀಡರ್ ಪರೀಕ್ಷೆ ಮಾಡುವಾಗ ನಮ್ಮ ಕಣ್ಣು ಚಕ್ರದ ಮೇಲಿರುತ್ತದೆ. ಕೈ ಎಲ್ಲಿದೆ ಅನ್ನುವುದು ಮರೆತುಹೋಗುತ್ತದೆ. ಕೆಲವು ಮಷಿನ್ನುಗಳಲ್ಲಿ ಸ್ಪಿಂಡಲ್ (ಕಟರ್ ಕೂರುವ ಶಾಫ್ಟ್) ಓಡದೆ ಫೀಡರ್ ಓಡದ ಹಾಗೆ ವೈರಿಂಗ್ ಇರುತ್ತದೆ. ಅದು ಒಳ್ಳೆಯ ವ್ಯವಸ್ಥೆ, ಅದನ್ನು ಕತ್ತರಿಸಬೇಡಿ. ಖಾಲಿ ಸ್ಪಿಂಡಲ್ ಓಡಿಸಿಯೇ ಪರೀಕ್ಷೆ ಮಾಡಬಹುದು.

ನೇರವಾದ, ಒಣಗಿದ, ಎರಡೂವರೆ ಮೂರು ಮೀಟರಿನ ಒಂದು ತುಂಡು ತೆಗೆದುಕೊಳ್ಳಿ. ಅದರ ಮೇಲೆ 2 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಚಕ್ರದ ಪಕ್ಕಕ್ಕೆ ಸೀಮೆಸುಣ್ಣದ ಒಂದು ಗೆರೆ. ಮೊಬೈಲನ್ನು ಎಲ್ಲಾದರೂ ನಿಲ್ಲಿಸಿ ವಿಡಿಯೋ ಹಾಕಿ, ಮರ ಬಿಡಿ. ಆಮೇಲೆ ವಿಡಿಯೋ ನೋಡಿ ಎರಡು ಲೆಕ್ಕ ಮಾಡಿ: 2 ಮೀಟರ್ ದಾಟಲು ಎಷ್ಟು ಸೆಕೆಂಡ್ ಆಯಿತು, ಅಷ್ಟರಲ್ಲಿ ಚಕ್ರ ಎಷ್ಟು ಸುತ್ತು ತಿರುಗಿತು.

120ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಸಿಗುತ್ತದೆ. 12 ಸೆಕೆಂಡ್ ಆದರೆ 10 ಮೀಟರ್. ಇನ್ನು ಚಕ್ರ. 120 ಮಿಲಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ 377 ಮಿಲಿಮೀಟರ್ ಸಾಗಬೇಕು. ಅಂದರೆ 2 ಮೀಟರಿಗೆ ಸುಮಾರು ಐದೂಕಾಲು ಸುತ್ತು ಸಾಕು. ನಿಮ್ಮ ಚಕ್ರ ಆರೂವರೆ ಸುತ್ತು ತಿರುಗಿದ್ದರೆ ನೂರಕ್ಕೆ ಹದಿನೆಂಟರಷ್ಟು ಜಾರಿದೆ ಅಂತ ಅರ್ಥ. ರಬ್ಬರ್ ಒತ್ತಿದಾಗ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ದೋಷ ಹಿಡಿತದಲ್ಲಿದೆ. ಸುತ್ತು ಸರಿಯಾಗಿದ್ದು ಸೆಕೆಂಡ್ ಮಾತ್ರ ಜಾಸ್ತಿಯಾದರೆ ಚಕ್ರವೇ ನಿಧಾನ. ಆಗ ಗೇರು ಮತ್ತು ಕರೆಂಟಿನ ಕಡೆ ಹೋಗಿ.

ಚಕ್ರದ ಅಳತೆಯನ್ನೂ ಒಮ್ಮೆ ಹಿಡಿದು ನೋಡಿ. 120 ಇದ್ದದ್ದು ಸವೆದು 112 ಆಗಿದ್ದರೆ, ಮೋಟಾರು ಗೇರು ಎಲ್ಲ ಸರಿ ಇದ್ದರೂ ವೇಗ ನೂರಕ್ಕೆ ಆರೇಳರಷ್ಟು ಕಡಿಮೆ. ನಾಲ್ಕು ಚಕ್ರಗಳಲ್ಲಿ ಒಂದನ್ನು ಮಾತ್ರ ಹೊಸದು ಹಾಕಿದ್ದರೆ ಇನ್ನೂ ತೊಂದರೆ. ದೊಡ್ಡ ಚಕ್ರ ಎಳೆಯುತ್ತದೆ, ಸಣ್ಣವು ತಡೆಯುತ್ತವೆ. ಹಾಕಿದರೆ ಎಲ್ಲವನ್ನೂ ಒಟ್ಟಿಗೆ ಹಾಕಿ.

ಇದೆಲ್ಲ ಸರಿ ಬಂದರೆ ಕಟರ್ ಹಾಕಿ, ಎಲ್ಲ ಕವರ್ ಮುಚ್ಚಿ, ದೂರ ನಿಂತು ಅದೇ ಪರೀಕ್ಷೆ ಮತ್ತೆ ಮಾಡಿ. ಖಾಲಿಯಾಗಿ ಸರಿ, ಕೊಯ್ಯುವಾಗ ಮಾತ್ರ ನಿಧಾನ ಅಂತಾದರೆ ಮರಕ್ಕೆ ಏನೋ ಅಡ್ಡ ಬರುತ್ತಿದೆ. ಮೊಂಡಾದ ಬ್ಲೇಡು ಇದರಲ್ಲಿ ಮೊದಲನೇ ಆರೋಪಿ. ಬ್ಲೇಡು ಹರಿತ ಮಾಡಿಸಿ ಎಷ್ಟು ದಿನ ಆಯಿತು ಅಂತ ಕೇಳದೆ ಫೀಡರ್ ಮುಟ್ಟಬೇಡಿ.

ಕೊಯ್ದ ಮರವೇ ಸಾಕ್ಷಿ

ಹಳೆಯ ಮೇಸ್ತ್ರಿಗಳು ಮರದ ಮೇಲೆ ಬೆರಳಾಡಿಸಿಯೇ ವೇಗ ಹೇಳುತ್ತಿದ್ದರು. ಅದಕ್ಕೆ ಕಾರಣ ಇದೆ. ಮೌಲ್ಡಿಂಗ್ ಅಥವಾ ರಂದಾ ಮಷಿನ್ನಿನ ಅಲಗು ಪ್ರತಿ ಸಲ ಬಡಿದಾಗಲೂ ಮರದ ಮೇಲೆ ಒಂದು ಸಣ್ಣ ಅಲೆ ಬಿಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಲೆಗಳು ಎಣಿಸುವಷ್ಟು ಸ್ಪಷ್ಟ. ಸ್ಪಿಂಡಲ್ ವೇಗ ಬದಲಾಗದೆ ಇದ್ದರೆ, ಅಲೆಗಳ ಅಂತರವೇ ಫೀಡರಿನ ವೇಗದ ದಾಖಲೆ.

ಸ್ಪಿಂಡಲ್ 6000 ಆರ್.ಪಿ.ಎಂ. (ನಿಮಿಷಕ್ಕೆ 6000 ಸುತ್ತು), ಎರಡು ಅಲಗಿನ ಕಟರ್ ಅಂತ ಇಟ್ಟುಕೊಳ್ಳಿ. ಎರಡರಲ್ಲಿ ಒಂದು ಅಲಗು ಕೂದಲೆಳೆಯಷ್ಟು ಮುಂದೆ ಇದ್ದರೂ ಅದರ ಗುರುತು ಮಾತ್ರ ಉಳಿಯುತ್ತದೆ. ಆಗ ನಿಮಿಷಕ್ಕೆ 12 ಮೀಟರ್ ಬಿಟ್ಟರೆ ಅಲೆಯ ಅಂತರ 2 ಮಿಲಿಮೀಟರ್. 5 ಸೆಂಟಿಮೀಟರಿನಲ್ಲಿ 25 ಅಲೆ. ಅದೇ ತುಂಡಿನ ಇನ್ನೊಂದು ಕಡೆ 5 ಸೆಂಟಿಮೀಟರಿನಲ್ಲಿ 40 ಅಲೆ ಸಿಕ್ಕರೆ ಅಲ್ಲಿ ವೇಗ ಏಳೂವರೆ ಮೀಟರಿಗೆ ಇಳಿದಿತ್ತು. ಅಲೆ ಪೂರ್ತಿ ಹತ್ತಿರವಾಗಿ ಕಪ್ಪು ಸುಟ್ಟ ಕಲೆ ಇದ್ದರೆ ಅಲ್ಲಿ ಮರ ನಿಂತೇ ಹೋಗಿತ್ತು.

ಈಗ ತುಂಡನ್ನು ಉದ್ದಕ್ಕೆ ಇಟ್ಟು ನೋಡಿ. ವೇಗ ಇಳಿದದ್ದು ಎಲ್ಲಿ?

ಪ್ರತಿ ತುಂಡಿನಲ್ಲೂ ತುದಿಯಿಂದ ಅಷ್ಟೇ ದೂರದಲ್ಲಿ ನಿಧಾನವಾದರೆ ಅದು ಜೋಡಣೆಯ ದೋಷ. ಫೆನ್ಸ್ (ಮರ ಆನಿಕೊಂಡು ಸಾಗುವ ಪಕ್ಕದ ಪಟ್ಟಿ) ಬ್ಲೇಡಿಗೆ ನೇರವಾಗಿಲ್ಲ, ಅಥವಾ ಬ್ಲೇಡಿನ ಹಿಂದಿನ ಸೀಳು ಚಾಕು (ಕೊಯ್ದ ಸೀಳು ಮುಚ್ಚದ ಹಾಗೆ ತಡೆಯುವ ತಗಡು) ಸಾಲಿನಲ್ಲಿಲ್ಲ. ಮರದ ತುದಿ ಅಲ್ಲಿಗೆ ತಲುಪಿದ ಕೂಡಲೇ ಸಿಕ್ಕಿಕೊಳ್ಳುತ್ತದೆ. ಸಮ ಅಂತರದಲ್ಲಿ ಮತ್ತೆ ಮತ್ತೆ ನಿಧಾನವಾದರೆ ಯಾವುದೋ ತಿರುಗುವ ಭಾಗದ ತಪ್ಪು. ಆ ಅಂತರ ಅಳೆಯಿರಿ. 37-38 ಸೆಂಟಿಮೀಟರ್ ಬಂದರೆ ಅದು ಚಕ್ರದ ಒಂದು ಸುತ್ತು. ಚಕ್ರ ಒಂದು ಕಡೆ ಚಪ್ಪಟೆಯಾಗಿದೆ, ಅಥವಾ ಚಕ್ರದ ಶಾಫ್ಟಿನ ಗೇರಿನ ಹಲ್ಲು ಮುರಿದಿದೆ. ಅದಕ್ಕಿಂತ ತುಂಬಾ ಕಡಿಮೆ ಅಂತರ ಬಂದರೆ ಮೋಟಾರಿಗೆ ಹತ್ತಿರದ ಗೇರು ನೋಡಿ. ಬೆಳಿಗ್ಗೆ ಸರಿ, ಒಂದು ಗಂಟೆ ಓಡಿದ ಮೇಲೆ ನಿಧಾನ ಅಂತಾದರೆ ಬಿಸಿಯ ತೊಂದರೆ. ಗೊತ್ತು ಗುರಿ ಇಲ್ಲದೆ ಎಲ್ಲೆಲ್ಲೋ ನಿಧಾನ ಆದರೆ ಮರದಲ್ಲೇ ಗಂಟು, ವಕ್ರ, ಹಸಿ ಇದೆಯಾ ನೋಡಿ. ಅದಾದ ಮೇಲೆ ಗುಂಡಿಯ ವೈರು.

ಎಲ್ಲಿ, ಯಾವಾಗ, ಎಷ್ಟು ಅಂತರಕ್ಕೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ರಿಪೇರಿ ಆದಂತೆ.

ಚಕ್ರ ತಿರುಗುತ್ತದೆ, ಮರ ಹೋಗುವುದಿಲ್ಲ

ಮೊದಲು ಟೇಬಲ್. ತುಕ್ಕನ್ನು ನುಣುಪಾದ ಉಪ್ಪುಕಾಗದದಿಂದ ತೆಗೆದು, ಒರೆಸಿ, ಮೇಣ ಹಚ್ಚಿ ಉಜ್ಜಿ. ಮೇಣದ ಬತ್ತಿಯಾದರೂ ಸಾಕು. ಸಿಲಿಕೋನ್ ಸ್ಪ್ರೇ ಬೇಡ. ಅದು ಮರಕ್ಕೆ ಅಂಟಿದರೆ ಮುಂದೆ ಪಾಲಿಶ್ ಹಿಡಿಯುವುದಿಲ್ಲ, ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಎಣ್ಣೆಯೂ ಬೇಡ, ಹೊಟ್ಟು ಅಂಟುತ್ತದೆ.

ಆಮೇಲೆ ಚಕ್ರ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಅಂಟು ಹೋಗದಿದ್ದರೆ 80 ನಂಬರ್ ಉಪ್ಪುಕಾಗದವನ್ನು ಒಂದು ಮರದ ತುಂಡಿಗೆ ಸುತ್ತಿ ಕೈಯಿಂದ ಉಜ್ಜಿ. ಆಫ್ ಮಾಡಿಯೇ ಉಜ್ಜಬೇಕು. ಓಡುವ ಚಕ್ರಕ್ಕೆ ಕೈ ಕೊಡುವುದು ಬೇಡವೇ ಬೇಡ. ಥಿನ್ನರ್, ಪೆಟ್ರೋಲ್ ಹಾಕಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೇಲೆ ಸಣ್ಣ ಬಿರುಕು ಬಂದು ಉಗುರು ಒತ್ತಿದರೂ ತಗ್ಗದಿದ್ದರೆ ಆ ರಬ್ಬರ್ ಸತ್ತಿದೆ, ಬದಲಿಸಿ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ. ತೇಗವೇ ಓಡಿಸುವ ಮಿಲ್ಲಿನಲ್ಲಿ ಚಕ್ರ ಒರೆಸುವುದನ್ನು ವಾರದ ಕೆಲಸವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಒತ್ತಡದ ವಿಷಯದಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ಚಕ್ರದ ತಳ ಮರದ ಮೇಲ್ಮೈಗಿಂತ ಸುಮಾರು 3 ಮಿಲಿಮೀಟರ್ ಕೆಳಗೆ ಇರಬೇಕು. ಮರ ನುಗ್ಗಿದಾಗ ಸ್ಪ್ರಿಂಗ್ ಒತ್ತಿಕೊಂಡು ಚಕ್ರ ಅಷ್ಟು ಮೇಲೇಳುತ್ತದೆ, ಅದೇ ಹಿಡಿತ. ಕಡಿಮೆ ಇದ್ದರೆ ಜಾರುತ್ತದೆ. ಜಾಸ್ತಿ ಒತ್ತಿದರೆ ಮರ ಟೇಬಲ್ಲಿಗೆ ಅಂಟಿಕೊಂಡು ಎಳೆತ ಹೆಚ್ಚುತ್ತದೆ, ಮೋಟಾರ್ ಬಿಸಿಯಾಗುತ್ತದೆ. "ಜಾರುತ್ತಿದೆ, ಇನ್ನೂ ಇಳಿಸು" ಅಂತ ಇಳಿಸುತ್ತಾ ಹೋದರೆ ತೊಂದರೆ ಬೆಳೆಯುತ್ತದೆ.

ಇನ್ನು ಓರೆ. ಫೀಡರ್ ಫೆನ್ಸಿಗೆ ಸರಿಯಾಗಿ ಸಮಾನಾಂತರ ಇರಬಾರದು. ಮರ ಹೊರಬರುವ ಕಡೆಯ ತುದಿ ಫೆನ್ಸಿಗೆ ಸ್ವಲ್ಪ ಹತ್ತಿರ ಇರಬೇಕು. ಇಡೀ ಫೀಡರಿನ ಉದ್ದಕ್ಕೆ 5 ಮಿಲಿಮೀಟರ್ ಆಸುಪಾಸು ಸಾಕು. ಆಗ ಚಕ್ರ ಮರವನ್ನು ಮುಂದಕ್ಕೂ ತಳ್ಳುತ್ತದೆ, ಫೆನ್ಸಿಗೂ ಒತ್ತುತ್ತದೆ. ಓರೆ ಜಾಸ್ತಿಯಾದರೆ ಮರ ಫೆನ್ಸಿಗೆ ಉಜ್ಜಿ ನಿಧಾನವಾಗುತ್ತದೆ. ಉಲ್ಟಾ ಆದರೆ ಮರ ಫೆನ್ಸ್ ಬಿಟ್ಟು ಹೊರಗೆ ಹೋಗುತ್ತದೆ.

ಕೊನೆಗೆ ಫೀಡರನ್ನು ಹೊತ್ತ ಕಂಬ ಮತ್ತು ತೋಳನ್ನು ಬಿಗಿಯುವ ಹಿಡಿಕೆಗಳು. ಮರ ಒಳಗೆ ನುಗ್ಗುವಾಗ ಫೀಡರಿನ ತಲೆ ಒಂದಿಷ್ಟು ಎದ್ದು ತಿರುಗಿದರೆ ಹಿಡಿತ ಹೋಯಿತು. ಮೊದಲ ತುಂಡು ಸರಿ, ಹತ್ತನೆಯದು ಜಾರುತ್ತದೆ ಅಂದಾಗ ನಾನು ಮೊದಲು ನೋಡುವುದು ಈ ಹಿಡಿಕೆಗಳನ್ನೇ.

ಚಕ್ರವೇ ನಿಧಾನ

ಮೋಟಾರ್ ಓಡುವ ಸದ್ದು ಚೆನ್ನಾಗಿದೆ, ಆದರೆ ಒಂದು ಚಕ್ರ ನಿಂತಿದೆ ಅಂದರೆ ಚೈನ್ ಅಥವಾ ಶಾಫ್ಟಿನ ಕೀ (ಚಕ್ರವನ್ನು ಶಾಫ್ಟಿಗೆ ಕಚ್ಚಿಸುವ ಲೋಹದ ತುಂಡು) ನೋಡಿ. ಎಲ್ಲ ಚಕ್ರವೂ ಒಂದೇ ಸಮ ನಿಧಾನ ಅಂದರೆ ಬದಲಿಸುವ ಗೇರಿನ ಮುಚ್ಚಳ ತೆಗೆದು, ಪ್ಲೇಟಿನ ಚಿತ್ರದ ಪ್ರಕಾರ ಇದೆಯಾ ಅಂತ ಹೋಲಿಸಿ. ರಾತ್ರಿ ಪಾಳಿಯವರು ಗಟ್ಟಿ ಮರಕ್ಕೆಂದು ಬದಲಿಸಿ ಹೇಳದೆ ಹೋಗಿರಬಹುದು. ಇದನ್ನು ನೋಡಲು ಎರಡು ನಿಮಿಷ ಸಾಕು. ನೋಡದೆ ಮೋಟಾರ್ ಬಿಚ್ಚಿದವರನ್ನು ನಾನು ಕಂಡಿದ್ದೇನೆ.

ಗೇರು ಸರಿ ಇದ್ದರೆ ಕರೆಂಟು. ಇಲ್ಲಿ ಒಂದು ಲೆಕ್ಕ ನೆನಪಿಡಿ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 415 ಬರಬೇಕಾದಲ್ಲಿ 350 ಬಂದರೆ ಬಲ ಹೆಚ್ಚು ಕಡಿಮೆ ನೂರಕ್ಕೆ ಎಪ್ಪತ್ತು. ಸಂಜೆ ಹೊತ್ತು, ಪಕ್ಕದ ಪಂಪ್‌ಸೆಟ್ಟುಗಳು ಓಡುವಾಗ, ಅಥವಾ ನಿಮ್ಮದೇ ದೊಡ್ಡ ಗರಗಸ ಸ್ಟಾರ್ಟ್ ಆದಾಗ ಫೀಡರ್ ಸುಸ್ತಾದರೆ ಇದೇ ಕಾರಣ. ವೋಲ್ಟೇಜನ್ನು ಬೋರ್ಡಿನಲ್ಲಿ ಅಲ್ಲ, ಮೋಟಾರಿನ ಟರ್ಮಿನಲ್ಲಿನಲ್ಲಿ, ಲೋಡ್ ಇರುವಾಗ ಅಳೆಯಿರಿ. ಇದು ಕರೆಂಟ್ ಕೆಲಸ ಬಲ್ಲವರು ಮಾಡಬೇಕಾದ ಅಳತೆ. ಮೂರು ಫೇಸಿನಲ್ಲಿ ಒಂದು ಹೋದರೆ ಓಡುತ್ತಿರುವ ಮೋಟಾರ್ ಗುಂಯ್ ಅನ್ನುತ್ತಾ ಓಡುತ್ತಲೇ ಇರುತ್ತದೆ. ಒಮ್ಮೆ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ವೈರಿನ ಆಂಪಿಯರ್ ಹತ್ತಿರ ಹತ್ತಿರ ಇರಬೇಕು.

ಎರಡು ವೇಗದ ಮೋಟಾರಿನಲ್ಲಿ ದೋಷ ಹೆಚ್ಚಾಗಿ ಸ್ವಿಚ್ಚಿನಲ್ಲಿರುತ್ತದೆ. ಈ ಮೋಟಾರಿಗೆ ಆರು ತುದಿಗಳು. ನಿಧಾನದ ವೇಗದಲ್ಲಿ ಮೊದಲ ಮೂರಕ್ಕೆ ಕರೆಂಟು, ಉಳಿದ ಮೂರು ಖಾಲಿ. ಜೋರು ವೇಗದಲ್ಲಿ ಎರಡನೇ ಮೂರಕ್ಕೆ ಕರೆಂಟು, ಮೊದಲ ಮೂರನ್ನು ಸ್ವಿಚ್ಚೇ ಒಟ್ಟಿಗೆ ಸೇರಿಸುತ್ತದೆ. ಆ ಸೇರಿಸುವ ಕಾಂಟ್ಯಾಕ್ಟ್ ಸುಟ್ಟರೆ ನಿಧಾನದ ವೇಗ ಚೆನ್ನಾಗಿ ಓಡುತ್ತದೆ, ಜೋರಿಗೆ ಹಾಕಿದರೆ ಗುಂಯ್ ಅನ್ನುತ್ತದೆ ಅಷ್ಟೆ. ಮೋಟಾರ್ ಕೆಟ್ಟಿದೆ ಅಂತ ಎಲ್ಲರೂ ನಂಬುತ್ತಾರೆ, ಆದರೆ ಸ್ವಿಚ್ ಬದಲಿಸಿದರೆ ಮುಗಿಯಿತು. ವೈಂಡಿಂಗ್ ಮಾಡಿಸಿ ತಂದ ಮೇಲೆ ನಿಧಾನದಲ್ಲಿ ಮುಂದಕ್ಕೆ, ಜೋರಿನಲ್ಲಿ ಹಿಂದಕ್ಕೆ ತಿರುಗಿದರೆ ಜೋರು ವೇಗದ ಕಡೆಯ ಎರಡು ವೈರು ಅದಲು ಬದಲಾಗಿವೆ.

ಲೈನಿನಲ್ಲಿ ಕೆಲಸ ನಡೆದ ಮೇಲೆ ಫೀಡರ್ ಎರಡು ವೇಗದಲ್ಲೂ ಹಿಂದಕ್ಕೆ ತಿರುಗಿದರೆ ಹೊರಗಿನಿಂದಲೇ ಫೇಸ್ ಬದಲಾಗಿ ಬಂದಿದೆ. ಆಗ ಗರಗಸವೂ ಸ್ಪಿಂಡಲ್ಲೂ ಉಲ್ಟಾ ತಿರುಗುತ್ತವೆ. ಒಂದೂ ಮರ ಬಿಡದೆ ಎಲ್ಲವನ್ನೂ ನಿಲ್ಲಿಸಿ. ಫೀಡರಿನ ರಿವರ್ಸ್ ಸ್ವಿಚ್ ತಿರುಗಿಸಿ ಕೆಲಸ ಮುಂದುವರಿಸುವುದು ಅಪಾಯ.

ಡ್ರೈವ್ ಹಾಕಿದ ಮೇಲೆ ಬಲ ಹೋಯಿತು ಅನ್ನುವವರಿಗೆ

ಈ ಕರೆ ಈಗ ನನಗೆ ಬಹಳ ಬರುತ್ತದೆ. ಸಿಂಗಲ್ ಫೇಸ್ ಇರುವ ಸಣ್ಣ ಅಂಗಡಿಯವರು ಹಳೆಯ ತ್ರೀ ಫೇಸ್ ಫೀಡರ್ ತರುತ್ತಾರೆ. 230 ವೋಲ್ಟಿನ ಡ್ರೈವ್ ಹಾಕುತ್ತಾರೆ. ಖಾಲಿ ಓಡಿಸಿದರೆ ಸೊಗಸಾಗಿ ಓಡುತ್ತದೆ, ಗುಂಡಿ ತಿರುಗಿಸಿದ ಹಾಗೆ ವೇಗ ಬದಲಾಗುತ್ತದೆ. ಮರ ಕೊಟ್ಟರೆ ನಿಂತುಹೋಗುತ್ತದೆ. ಡ್ರೈವ್ ಕೊಟ್ಟವರು ಮೋಟಾರ್ ಸರಿಯಿಲ್ಲ ಅನ್ನುತ್ತಾರೆ. ಮೋಟಾರಿನವರು ಡ್ರೈವ್ ಸರಿಯಿಲ್ಲ ಅನ್ನುತ್ತಾರೆ. ನಡುವೆ ಸಿಕ್ಕಿಕೊಂಡವರ ಪಾಡು ನೋಡಿ ನನಗೆ ಬೇಸರವಾಗುತ್ತದೆ, ಯಾಕೆಂದರೆ ಎರಡೂ ಸರಿಯಾಗೇ ಇರುತ್ತವೆ.

ಮೋಟಾರಿನ ಒಳಗೆ ವೈಂಡಿಂಗ್ ಸ್ಟಾರ್ ಜೋಡಣೆಯಲ್ಲಿದೆ, ಅಂದರೆ ಮೂರು ವೈಂಡಿಂಗಿನ ಒಂದೊಂದು ತುದಿ ಒಂದೇ ಗಂಟಿಗೆ ಸೇರಿದೆ. ಅದಕ್ಕೆ 415 ವೋಲ್ಟ್ ಬೇಕು. 230ರ ಡ್ರೈವ್ ಕೊಡುವುದು ಹೆಚ್ಚೆಂದರೆ 230. ವರ್ಗದ ಲೆಕ್ಕ ಹಾಕಿ: ಬಲ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೇಮ್ ಪ್ಲೇಟಿನಲ್ಲಿ 230/415, ಡೆಲ್ಟಾ/ಸ್ಟಾರ್ ಅಂತ ಇದ್ದರೆ ಟರ್ಮಿನಲ್ ಪೆಟ್ಟಿಗೆಯ ಪಟ್ಟಿಗಳನ್ನು ಡೆಲ್ಟಾಕ್ಕೆ (ಮೂರೂ ತ್ರಿಕೋನದ ಹಾಗೆ ಸೇರುವ ಜೋಡಣೆಗೆ) ಬದಲಿಸಿದರೆ ಪೂರ್ತಿ ಬಲ ವಾಪಸ್ ಬರುತ್ತದೆ. ಆಂಪಿಯರ್ ಸುಮಾರು ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಡ್ರೈವ್ ಅಷ್ಟನ್ನು ತಡೆಯಬೇಕು, ಡ್ರೈವಿನಲ್ಲಿ ಮೋಟಾರಿನ ಆಂಪಿಯರ್ ಅಂಕಿಯನ್ನೂ ಬದಲಿಸಬೇಕು. ಪೆಟ್ಟಿಗೆಯಲ್ಲಿ ಮೂರೇ ವೈರು ಹೊರಗೆ ಬಂದಿದ್ದರೆ ಸ್ಟಾರ್ ಗಂಟು ವೈಂಡಿಂಗಿನ ಒಳಗಿದೆ. ಅದನ್ನು ಬಿಡಿಸಿ ಆರು ತುದಿ ಹೊರಗೆ ತರುವುದು ವೈಂಡಿಂಗ್ ಅಂಗಡಿಯ ಕೆಲಸ. ಎರಡು ವೇಗದ ಮೋಟಾರಿಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ 415ರ ಡ್ರೈವ್ ಬೇಕು, ಇಲ್ಲವಾದರೆ ಮೋಟಾರನ್ನೇ ಬದಲಿಸಿ.

ಡ್ರೈವ್ ಮತ್ತು ಮೋಟಾರ್ ನಡುವೆ ಹಳೆಯ ಸ್ವಿಚ್ ಉಳಿಸಬೇಡಿ. ಓಡುವಾಗ ಅದನ್ನು ತಿರುಗಿಸಿದರೆ ಡ್ರೈವ್ ಟ್ರಿಪ್ ಆಗುತ್ತದೆ, ಒಳಗಿನ ಭಾಗ ಸುಡಲೂಬಹುದು. ಮೋಟಾರಿನ ವೈರು ನೇರವಾಗಿ ಡ್ರೈವಿಗೆ ಬರಲಿ. ಮುಂದೆ ಹಿಂದೆ ಮಾಡುವ ಸ್ವಿಚ್ಚನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್ಲಿಗೆ ಜೋಡಿಸಿ. ಎರಡು ವೇಗದ್ದಾದರೆ ಒಂದೇ ವೇಗಕ್ಕೆ ಕಾಯಂ ಜೋಡಿಸಿಬಿಡಿ.

ಗುಂಡಿ ತಿರುಗಿಸಿ ತೀರಾ ಕೆಳಗೆ ಇಳಿಸಿದಾಗ ಮೋಟಾರ್ ಬಿಸಿಯಾಗುವುದು ಇನ್ನೊಂದು ದೂರು. ಮೋಟಾರಿನ ಹಿಂದಿನ ಫ್ಯಾನ್ ಅದೇ ಶಾಫ್ಟಿನಲ್ಲಿದೆ. 15-20 ಹರ್ಟ್ಸಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಗಾಳಿ ಸಾಲುವುದಿಲ್ಲ. 50ರ ಮೇಲೆ ಏರಿಸಿದರೆ ವೇಗ ಬರುತ್ತದೆ, ಬಲ ಇಳಿಯುತ್ತದೆ. ಹಾಗಾಗಿ ಡ್ರೈವ್ ಹಾಕಿದ ಮೇಲೂ ಗೇರು ಬದಲಿಸುವ ಅಭ್ಯಾಸ ಬಿಡಬೇಡಿ. ನಿಮ್ಮ ದಿನದ ಕೆಲಸದ ವೇಗ 30ರಿಂದ 50 ಹರ್ಟ್ಸ್ ನಡುವೆ ಬರುವ ಹಾಗೆ ಗೇರು ಹಾಕಿ, ಉಳಿದ ಹೊಂದಾಣಿಕೆ ಗುಂಡಿಯಲ್ಲಿ ಮಾಡಿಕೊಳ್ಳಿ. ನಿಧಾನದ ಗೇರು ಬಲವನ್ನು ಹೆಚ್ಚಿಸುತ್ತದೆ. ಡ್ರೈವ್ ಹೆಚ್ಚಿಸುವುದಿಲ್ಲ.

ಮುಟ್ಟದೆಯೇ ವೇಗ ಏರಿಳಿತ ಆಗುತ್ತಿದ್ದರೆ ಡ್ರೈವಿನ ಕೀಪ್ಯಾಡಿನಿಂದಲೇ 40 ಹರ್ಟ್ಸ್ ಕೊಟ್ಟು ಓಡಿಸಿ. ಸ್ಥಿರವಾಗಿ ಓಡಿದರೆ ದೋಷ ಹೊರಗಿನ ಗುಂಡಿಯಲ್ಲೋ ಅದರ ವೈರಿನಲ್ಲೋ ಇದೆ. ಮರದ ನುಣ್ಣನೆ ಹೊಟ್ಟು ಗುಂಡಿಯ ಒಳಗೆ ಸೇರಿ ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಅಷ್ಟೇ ಓಮ್ ಇರುವ ಹೊಸ ಗುಂಡಿ ಹಾಕಿ. ಅದರ ವೈರನ್ನು ಮೋಟಾರಿನ ವೈರಿನಿಂದ ದೂರ ಎಳೆಯಿರಿ. ನಿಲ್ಲಿಸುವಾಗ ಡ್ರೈವ್ ಟ್ರಿಪ್ ಆದರೆ ನಿಲ್ಲುವ ಸಮಯವನ್ನು ಸ್ವಲ್ಪ ಹೆಚ್ಚಿಸಿ. ತುಂಬಾ ಹೆಚ್ಚಿಸಬೇಡಿ, ಸ್ಟಾಪ್ ಒತ್ತಿದ ಮೇಲೂ ಮರ ಮುಂದೆ ಹೋಗುತ್ತಲೇ ಇರುತ್ತದೆ. ಡ್ರೈವ್ ಪೆಟ್ಟಿಗೆ ಬಿಚ್ಚುವ ಮೊದಲು ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. 230ರ ಡ್ರೈವಿನ ಒಳಗೆ 325 ವೋಲ್ಟ್ ಡಿ.ಸಿ. ಕೂತಿರುತ್ತದೆ. 415ರದ್ದರಲ್ಲಿ 580ಕ್ಕೂ ಮೇಲೆ.

ಫ್ಯಾನ್ ರೆಗ್ಯುಲೇಟರ್ ಹಾಕಬೇಡಿ

ಸಿಂಗಲ್ ಫೇಸ್ ಫೀಡರಿಗೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ ವೇಗ ಇಳಿಸಲು ನೋಡುವವರಿದ್ದಾರೆ. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಇಳಿಸುವುದಿಲ್ಲ. ಖಾಲಿ ಮೋಟಾರಿನ ವೇಗ ಇಳಿಯುವುದು ಅಷ್ಟಕ್ಕಷ್ಟೆ. ಮರ ಕೊಟ್ಟ ಕೂಡಲೇ ಬಲ ಸಾಲದೆ ನಿಲ್ಲುತ್ತದೆ. ಸ್ಟಾರ್ಟಿಂಗ್ ಕೆಪ್ಯಾಸಿಟರ್ ಇರುವ ಮೋಟಾರಿನಲ್ಲಿ ವೇಗ ಇಳಿದಾಗ ಒಳಗಿನ ಸ್ವಿಚ್ ಮತ್ತೆ ಕೂಡಿಕೊಂಡು, ಕೆಲವೇ ಸೆಕೆಂಡಿಗೆಂದು ಮಾಡಿದ ವೈಂಡಿಂಗ್ ಸುಟ್ಟುಹೋಗುತ್ತದೆ. ಡ್ರೈವ್ ಹಾಕಿದರೂ ಈ ಮೋಟಾರಿಗೆ ಅದೇ ಗತಿ. ವೇಗ ಬೇಕಾದ ಹಾಗೆ ಬದಲಿಸಬೇಕು ಅಂದರೆ ತ್ರೀ ಫೇಸ್ ಮೋಟಾರ್ ಕೂರಿಸಿ ಡ್ರೈವ್ ಹಾಕಿ, ಇಲ್ಲವೇ ಗೇರು ಬದಲಿಸಿ. ಡಿ.ಸಿ. ಮೋಟಾರಿನ ಸಣ್ಣ ಫೀಡರ್ ಆದರೆ ಮೊದಲು ಕಾರ್ಬನ್ ಬ್ರಷ್ ತೆಗೆದು ನೋಡಿ.

ರಿಪೇರಿ ಮುಗಿದ ಮೇಲೆ

ಆ ಚೌಕಟ್ಟಿನ ಮಿಲ್ಲಿನಲ್ಲಿ ಟೇಬಲ್ ಉಜ್ಜಿ, ಮೇಣ ಹಚ್ಚಿ, ಚಕ್ರ ತೊಳೆದು, ಒತ್ತಡ ಸರಿ ಮಾಡಿದ ಮೇಲೆ ಅದೇ ಮತ್ತಿ ತುಂಡನ್ನು ಮತ್ತೆ ಬಿಟ್ಟೆವು. 17 ಸೆಕೆಂಡ್ ಇದ್ದದ್ದು 12ಕ್ಕೆ ಬಂತು. ಗೇರಿನ ಮುಚ್ಚಳದ ಒಳಗಡೆ ಮಾರ್ಕರಿನಿಂದ ಬರೆದಿಟ್ಟೆ: ತಾರೀಖು, ಮೇಲೆ ಯಾವ ಗೇರು, ಚಕ್ರದ ಅಳತೆ, 2 ಮೀಟರಿಗೆ ಎಷ್ಟು ಸೆಕೆಂಡ್, ಎಷ್ಟು ಸುತ್ತು, ಎಷ್ಟು ಆಂಪಿಯರ್. ನಿಮ್ಮ ಫೀಡರ್ ಇವತ್ತು ಚೆನ್ನಾಗಿ ಓಡುತ್ತಿದ್ದರೆ ಇವತ್ತೇ ಬರೆದಿಡಿ. ಕೆಟ್ಟ ಮೇಲೆ ಸರಿಯಾದ ಅಂಕಿ ಎಲ್ಲೂ ಸಿಗುವುದಿಲ್ಲ.